‘ಬಿಕ್ಸಿತ್’ ಎಂದು ಕೆತ್ತಿದ್ದರೆ ತಿದ್ದಬೇಡಿ

ಚಂದ್ರವಳ್ಳಿಯ ಬಂಡೆಯಲ್ಲಿರುವ ಮಯೂರಶರ್ಮನ ಪ್ರಾಕೃತ ಶಾಸನವನ್ನು ಸಾಮಾನ್ಯವಾಗಿ 4ನೇ ಶತಮಾನದ್ದೆನ್ನುತ್ತಾರೆ. ಅದೇ ಕಾಲಕ್ಕೆ ರೋಮಿನ ಹೊರವಲಯದಲ್ಲಿ, ನೆಲದಡಿಯ ಕ್ರೈಸ್ತ ಸಮಾಧಿಗಳಲ್ಲಿ, ಲ್ಯಾಟಿನ್ ಕಲ್ಬರಹಗಳು ತುಂಬಿಕೊಳ್ಳುತ್ತಿದ್ದವು. ಚಿತ್ರದುರ್ಗದ ಸುತ್ತ ಶಾಸನ ಓದಿ ಪಳಗಿದ ಕಣ್ಣಿಗೆ ಇವು ಕಷ್ಟವಲ್ಲ.

ಕಲಿಕ್ಸ್ಟಸ್ ಸಮಾಧಿ ಸಮುಚ್ಚಯದ ಪೋಪ್‌ಗಳ ಕೋಣೆಯಲ್ಲಿ ದಮಾಸಸ್ (ಪೋಪ್ ಆಗಿದ್ದು 366–384) ಬರೆದ ಪದ್ಯವಿದೆ. ಛಂದಸ್ಸು, ವ್ಯಾಕರಣ ಎರಡೂ ಅಚ್ಚುಕಟ್ಟು. ಆದರೆ ಜನರಾಡಿದ ಲ್ಯಾಟಿನ್ ಬೇಕೆಂದರೆ ಗೋಡೆಯ ಗೂಡುಗಳನ್ನು ಮುಚ್ಚಿದ ಸಾದಾ ಚಪ್ಪಡಿಗಳನ್ನೇ ನೋಡಬೇಕು.

ಮೊದಲು ‘ಡಿ ಇ ಪಿ’ ಎಂಬ ಮೂರಕ್ಷರ ಹುಡುಕಿ. ಅದು ‘ದೆಪೊಸಿತುಸ್’: ಠೇವಣಿ ಇಟ್ಟದ್ದು, ಅಂದರೆ ಮರಳಿ ಪಡೆಯುವ ನಂಬಿಕೆಯಿಂದ ಒಪ್ಪಿಸಿದ್ದು. ನಮ್ಮಲ್ಲಿ ಸತ್ತರು ಅನ್ನದೆ ಲಿಂಗೈಕ್ಯರಾದರು ಅನ್ನುವಂತೆ ಇಲ್ಲೂ ಪದದೊಳಗೇ ನಂಬಿಕೆ ಕೂತಿದೆ. ಸಾಮಾನ್ಯವಾಗಿ ಅದರ ಪಕ್ಕದಲ್ಲೇ ದಿನಾಂಕ. ರೋಮನ್ನರು ತಿಂಗಳ ಮೊದಲ ದಿನವಾದ ‘ಕಲೆಂಡ್ಸ್’ನಂಥ ಗೊತ್ತಾದ ದಿನಗಳಿಂದ ಹಿಂದಕ್ಕೆ ಎಣಿಸುತ್ತಿದ್ದರು, ಆ ಎಣಿಕೆಯಲ್ಲಿ ಎರಡೂ ತುದಿಯ ದಿನಗಳು ಸೇರುತ್ತವೆ. ‘ಜನವರಿ ಕಲೆಂಡ್ಸ್‌ಗೆ 3ನೇ ದಿನ’ ಎಂದರೆ ಡಿಸೆಂಬರ್ 30, 29 ಅಲ್ಲ. ಇಂಗ್ಲಿಷಿನ ಜಿ ಹೋಲುವ ಗುರುತು ಅಂಕಿಗಳ ನಡುವೆ ಕಂಡರೆ ಅದು 6 ಇರಬಹುದು. ಅಕ್ಷರವೆಂದು ಓದಿದರೆ ಸತ್ತವರ ವಯಸ್ಸಿನ ಲೆಕ್ಕವೇ ಕೆಡುತ್ತದೆ.

ಇನ್ನು ಕಾಗುಣಿತ. ‘ಬದುಕಿದನು’ ಎಂಬರ್ಥದ ‘ವಿಕ್ಸಿತ್’ ಎಷ್ಟೋ ಕಲ್ಲುಗಳಲ್ಲಿ ‘ಬಿಕ್ಸಿತ್’ ಆಗಿದೆ. ವಸತಿ ಬಸದಿಯಾದ, ವರ್ಣ ಬಣ್ಣವಾದ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಟಿನ್‌ನಲ್ಲಿ ಆದದ್ದು ಮಾತ್ರ ಬೇರೆ: ವ, ಬ ಎರಡೂ ತುಟಿಯ ಒಂದೇ ಸಡಿಲ ಧ್ವನಿಯತ್ತ ಸರಿದವು, ಕೆತ್ತುವವನಿಗೆ ಯಾವುದನ್ನು ಬರೆಯಬೇಕೆಂದು ಕಿವಿ ಹೇಳಲಿಲ್ಲ. ‘ಸ್ಪಿರಿತುಸ್’ (ಆತ್ಮ) ‘ಇಸ್ಪಿರಿತುಸ್’ ಆಗಿದ್ದು ಥೇಟ್ ನಮ್ಮ ‘ಇಸ್ಕೂಲು’. ಮುಂದೆ ಸ್ಪ್ಯಾನಿಶ್‌ನ ‘ಎಸ್ಪಿರಿತು’ ಹುಟ್ಟಿದ್ದು ಈ ಉಚ್ಚಾರಣೆಯಿಂದಲೇ.

ತಪ್ಪುಗಳಿಗೂ ಊರಿದೆ. ವ–ಬ ಗೊಂದಲ ರೋಮ್, ದಕ್ಷಿಣ ಇಟಲಿ, ಉತ್ತರ ಆಫ್ರಿಕಾದಲ್ಲಿ ಹೆಚ್ಚು, ಗಾಲ್‌ನಲ್ಲಿ (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ವಿರಳ. ಗಾಲ್‌ನ ಕಲ್ಲುಗಳಲ್ಲಿ ಉ ಬದಲು ಒ ಬರುತ್ತದೆ: ‘ತುಮುಲೊ’ (ಸಮಾಧಿಯಲ್ಲಿ) ಹೋಗಿ ‘ತುಮೊಲೊ’. ಹಾಗೆಂದು ಕಂಡದ್ದೆಲ್ಲ ತಪ್ಪಲ್ಲ. ‘ಅನ್ನೋಸ್’ (ವರ್ಷಗಳ ಕಾಲ) ಇರಬೇಕಾದಲ್ಲಿ ‘ಅನ್ನಿಸ್’ ಇದ್ದರೆ ಅದು ಬೇರೆ ವಿಭಕ್ತಿ, ಒಪ್ಪಿತ ಪ್ರಯೋಗ.

ಪಡಿಯಚ್ಚು ನೋಡಿ ನಕಲು ಮಾಡುವಾಗ ಕಲ್ಲಿನಲ್ಲಿದ್ದಂತೆ ಒಂದು ಸಾಲು, ಶುದ್ಧ ರೂಪ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಎರಡನ್ನೂ ಬೆರೆಸಿ ತಿದ್ದಿಬಿಟ್ಟರೆ ಆ ಚಪ್ಪಡಿ ಕಾಪಾಡಿಕೊಂಡು ಬಂದ ದನಿ ಅಲ್ಲಿಗೇ ಅಳಿಸಿಹೋಗುತ್ತದೆ.