ನೂರು ಮೀಟರ್ ಎಲ್ಲಿಂದ ಅಳೀಬೇಕು?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರಿಗೂ ಖುಷಿ. ಬೇಲೂರಿನ ನಮ್ಮ ಮಾವನಿಗೆ ಮಾತ್ರ ಚಿಂತೆ. "ಇನ್ಮೇಲೆ ಮನೆ ಸರ್ಕಾರದ್ದಾ?" ಅಂತ ಫೋನ್ ಮಾಡಿದರು.

ಖಂಡಿತ ಇಲ್ಲ. ಖಾತೆ ಅವರ ಹೆಸರಲ್ಲೇ ಇರುತ್ತದೆ. ಮಾರಬಹುದು, ಮಕ್ಕಳಿಗೆ ಬರೆದುಕೊಡಬಹುದು. ಆದರೆ ಮನಸ್ಸಿಗೆ ಬಂದಂತೆ ಕಟ್ಟೋ ಹಾಗಿಲ್ಲ, ಮತ್ತು ಅದಕ್ಕೆ ಯುನೆಸ್ಕೋ ಕಾರಣವೂ ಅಲ್ಲ. ಚೆನ್ನಕೇಶವ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ (ಹೊಸದಾಗಿ ಕಟ್ಟೋ ಹಾಗಿಲ್ಲ), ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ (ಅನುಮತಿ ಪಡೆದು ಕಟ್ಟಬಹುದು) ಅಂತ 1992ರಲ್ಲೇ ಅಧಿಸೂಚನೆ ಬಂದಿತ್ತು. 2010ರಲ್ಲಿ ಅದನ್ನು ಸ್ಮಾರಕಗಳ ಕೇಂದ್ರ ಕಾಯ್ದೆಯೊಳಗೇ ಸೇರಿಸಿದರು. ರಾಜ್ಯದ ಇಲಾಖೆಯ ಸ್ಮಾರಕವಾದರೆ 1961ರ ರಾಜ್ಯ ಕಾಯ್ದೆ, ಅದೇ ಬೇರೆ. ಅದಕ್ಕೇ ಮೊದಲು ಸ್ಮಾರಕ ಯಾರದ್ದು ಅಂತ ಕೇಳಿಕೊಳ್ಳಿ.

ಮಾವ ಗೋಪುರದ ಬಾಗಿಲಿಂದ ಮನೆವರೆಗೆ ಹೆಜ್ಜೆ ಎಣಿಸಿಕೊಂಡು ಬಂದು "ನೂರು ದಾಟುತ್ತೆ" ಅಂತ ನೆಮ್ಮದಿಯಾಗಿದ್ದರು. ಪಾಪ, ಲೆಕ್ಕ ಶುರುವಾಗುವುದು ಗೋಪುರದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಕ್ಷೆ ನೋಡಿದರೆ ಮನೆ ಪೂರ್ತಿ ಆ ನೂರು ಮೀಟರಿನ ಒಳಗೇ ಇದೆ.

ಇಷ್ಟರಲ್ಲಿ ಒಬ್ಬ ಮೇಸ್ತ್ರಿ (ಹೆಸರು ಬೇಡ ಬಿಡಿ) "ಪುರಸಭೆ ಲೈಸೆನ್ಸ್ ಸಾಕು ಸಾರ್, ಮೇಲೊಂದು ರೂಮ್ ಎತ್ತಿಬಿಡೋಣ" ಅಂತ ಕಿವಿ ಊದಿ ಅಡ್ವಾನ್ಸ್ ಕೂಡ ಇಸ್ಕೊಂಡು ಹೋಗಿದ್ದ. ಸಾಕಾಗಲ್ಲ! ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ರೂಮಿನ ಆಸೆ ಅಲ್ಲಿಗೇ ಮುಗಿಯಿತು, ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.

ಹಾಗಂತ ಸೋರೋ ಮನೆಯಲ್ಲೇ ಕೂತಿರಿ ಅಂತ ಕಾನೂನು ಹೇಳುವುದಿಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಾದರೆ ರಿಪೇರಿಗೆ ಅನುಮತಿ ಕೇಳಬಹುದು. ಅರ್ಜಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದವರೆಗೂ ಹೋಗುತ್ತದೆ. ಹಂಚು, ರೀಪು ಬದಲಿಸೋದಕ್ಕೆ ಇಷ್ಟೊಂದು ಓಡಾಟ ಜಾಸ್ತಿಯೇ ಅಂತ ನನಗನ್ನಿಸುತ್ತದೆ, ಆದರೆ ಆ ದೇವಸ್ಥಾನದ ಪಕ್ಕ ಮೂರಂತಸ್ತಿನ ಲಾಡ್ಜ್ ಎದ್ದರೆ ಬೈಯುವವರಲ್ಲಿ ನಾನೇ ಮೊದಲಿಗ, ಅಲ್ವಾ?

ಮನೆ ಹಳೇದು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ, ಮಾವ ಅಟ್ಟದ ಟ್ರಂಕ್ ಇಳಿಸಿದರು. ತಾತ ಕಟ್ಟಿದ ಕಂದಾಯದ ರಸೀದಿಗಳು ಸಿಕ್ಕವು, ಅಂಚು ಗೆದ್ದಲು ತಿಂದಿದ್ದರೂ ಇಸವಿ ಸ್ಪಷ್ಟ: 1974. ಅರ್ಜಿ ಹೋಗಿದೆ. ಸದ್ಯಕ್ಕೆ ಹಂಚಿನ ಮೇಲೆ ನೀಲಿ ಟಾರ್ಪಾಲು, ನಡುಮನೆಯಲ್ಲಿ ಎರಡು ಬಕೆಟ್.