‘ಕೋವಿ ಕೇಸ್ ಎಂತ ಆಯ್ತು?’ ಎಂದು ಕೇಳುವವರಿಗೆ

ಗೆದ್ದೆವು. 2021ರ ಸೆಪ್ಟೆಂಬರ್‌ನಲ್ಲಿ, ಹೈಕೋರ್ಟಿನಲ್ಲಿ. ಪೇಪರಿನಲ್ಲೂ ಬಂದಿತ್ತು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಹೇಗೂ ಬರುವ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಊರಿಗೆ ಬಂದು ಮತ್ತೆ ಕೇಳುತ್ತೀರಲ್ಲ.

ಕೊಡಗಿನ ಹೊರಗಿನವರಿಗೆ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ, ಬೇಡ. ಕಾಯ್ದೆಯ 41ನೇ ಸೆಕ್ಷನ್ನಿನಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿ ಕೊಟ್ಟಿದೆ. ಹಾಗಂತ ಕಾಗದವೇ ಇಲ್ಲ ಎಂದಲ್ಲ, ಡಿಸಿ ಕಚೇರಿಯ ವಿನಾಯಿತಿ ಪತ್ರ ಇರಬೇಕು. ಜನಾಂಗ ನೋಡಿ, ಜಮೀನು ನೋಡಿ ವಿನಾಯಿತಿ ಕೊಡುವುದು ಯಾವ ಸಮಾನತೆ ಎಂದು ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದೇ ‘ಕೋವಿ ಕೇಸ್’.

ನನ್ನ ಸಿಟ್ಟು ಆ ‘ಆಯ್ತು’ ಮೇಲೆ. ಮಳೆ ಆಯ್ತು, ಮದುವೆ ಆಯ್ತು ಎಂದ ಹಾಗೆ ಕೇಸೂ ತನ್ನಷ್ಟಕ್ಕೇ ಆಗುತ್ತದೆ ಎಂದುಕೊಂಡಿದ್ದೀರಿ. ‘ಎಂತ ಮಾಡಿದ್ರಿ’ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ‘ಗೆದ್ದೆವು’ ಎಂದು ನಾನೂ ಬರೆದುಬಿಟ್ಟೆ. ಆ ‘ವು’ ಒಳಗೆ ಯಾರ್ಯಾರು ಇದ್ದರು ಎಂದು ಲೆಕ್ಕ ಹಾಕಿದರೆ ಒಂದು ಜೀಪು ತುಂಬುತ್ತದೆ ಅಷ್ಟೆ.

ಕೇಸು ನಡೆಯುತ್ತಿದ್ದಾಗ ಮಡಿಕೇರಿಯಲ್ಲಿ ಒಂದು ಸಭೆ ಕರೆದಿದ್ದೆವು. ಹಳೆಯ ಜಮ್ಮಾ ಕಾಗದ ಒಟ್ಟು ಮಾಡಬೇಕು, ವಕೀಲರ ಹತ್ತಿರ ಓಡಾಡುವ ಖರ್ಚಿಗೆ ನಾಲ್ಕು ಕಾಸು ಸೇರಿಸಬೇಕು, ಇಷ್ಟೇ ವಿಷಯ. ವಾಟ್ಸಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಹೆಬ್ಬೆರಳು ಎತ್ತಿದವರು ಎಂಬತ್ತನಾಲ್ಕು, ನಾನೇ ಎಣಿಸಿದ್ದೆ. ಅದನ್ನು ನಂಬಿ ಅರವತ್ತು ಜನಕ್ಕೆ ಉಪ್ಪಿಟ್ಟು ಹೇಳಿದ್ದೆ. ಬಂದವರು ಹನ್ನೊಂದು. ಅದರಲ್ಲೊಬ್ಬರು ಪಕ್ಕದ ಹಾಲಿನ ನಿಶ್ಚಿತಾರ್ಥಕ್ಕೆ ಬಂದು ಬಾಗಿಲು ತಪ್ಪಿದವರು. ಪಾಪ, ಕೂತು ಪೂರ್ತಿ ಕೇಳಿ, ಐನೂರು ರೂಪಾಯಿ ಕೊಟ್ಟು ಹೋದರು. ನನ್ನ ಸ್ವಂತ ಭಾವಮೈದ, ಬೆಂಗಳೂರಿನವನು, ‘ಕೊರೊನಾ ಅಲ್ವಾ ಭಾವ’ ಎಂದು ಮೆಸೇಜ್ ಹಾಕಿದ. ಅವತ್ತೇ ಸಂಜೆ ಯಾವುದೋ ಮದುವೆಯ ಫೋಟೋದಲ್ಲಿ ಮೂಗಿನ ಕೆಳಗೆ ಮಾಸ್ಕ್ ಇಳಿಸಿಕೊಂಡು ನಿಂತಿದ್ದ. ಉಪ್ಪಿಟ್ಟನ್ನು ಮನೆಯಲ್ಲಿ ಎರಡು ದಿನ ತಿಂದೆವು.

ಅದೇ ಭಾವಮೈದ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಹಾಜರು. ಅಜ್ಜನ ಜೋಡಿ ನಳಿಗೆಯ ಕೋವಿಯನ್ನು ನಾನು ಒರೆಸಿ ಎಣ್ಣೆ ಹಚ್ಚಿ ಇಟ್ಟಿದ್ದೆ, ನಳಿಗೆಯ ಬಾಯಿಗೆ ತೋಕ್ ಹೂ ಸಿಕ್ಕಿಸಿದ್ದೆ. ಅವನು ಪೂಜೆಗೆ ಮೊದಲೇ ಹದಿನಾರು ಫೋಟೋ ತೆಗೆದ. ‘ನಮ್ಮ ಹಕ್ಕು, ನಮ್ಮ ಹೆಮ್ಮೆ’ ಎಂದು ಹಾಕಿದ. ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯಲು ನಿಂತ. ಹಿಡಿಯನ್ನು ಭುಜಕ್ಕೆ ಒತ್ತಿ ಹಿಡಿಯೋ ಎಂದೆ, ಕೇಳಲಿಲ್ಲ. ಕಾಯಿಗೆ ತಾಗಲಿಲ್ಲ, ಭುಜಕ್ಕೆ ಸರಿಯಾಗಿ ತಾಗಿತು. ಐಸ್ ಇಟ್ಟುಕೊಂಡು ಕಡುಬಿನ ಮುಂದೆ ಕೂತು ಕೇಳಿದ: ‘ಅಂದ ಹಾಗೆ, ನಮ್ಮ ಕೇಸ್ ಎಂತ ಆಯ್ತು ಭಾವ?’

ನಾನೇನು ದೊಡ್ಡ ಹೋರಾಟಗಾರ ಎಂದು ಹೇಳಿಕೊಳ್ಳುತ್ತಿಲ್ಲ. ಕೇಸು ಬರುವವರೆಗೆ ಸರ್ಕಾರದ ಆ ವಿನಾಯಿತಿಯ ಅಧಿಸೂಚನೆಯನ್ನು ನಾನೂ ಓದಿರಲಿಲ್ಲ. ಮನೆಯಲ್ಲಿ ಕೋವಿ ಇದೆ, ಇರುತ್ತದೆ, ಅಷ್ಟೇ ಗೊತ್ತಿದ್ದುದು. ಕಾಡುಹಂದಿಗೆ ಹೊಡೆದರೆ ಅರಣ್ಯ ಇಲಾಖೆಯವರು ಬರುತ್ತಾರೆ, ಹಬ್ಬದ ಹಂದಿ ಅಂಗಡಿಯಿಂದಲೇ ಬರುತ್ತದೆ, ಹಾಗಾಗಿ ಅದು ಹೊರಗೆ ಬರುವುದೇ ವರ್ಷಕ್ಕೆ ಎರಡು ಸಲ. ಅಧಿಸೂಚನೆಯನ್ನು ಕೂತು ಅಕ್ಷರ ಅಕ್ಷರ ಓದಿದ ಮೊದಲ ಮನುಷ್ಯ ನಮ್ಮ ವಿರುದ್ಧ ಕೇಸು ಹಾಕಿದವರು. ಈ ವಿಷಯದಲ್ಲಿ ನನಗೆ ನಮ್ಮ ಎಂಬತ್ತನಾಲ್ಕು ಹೆಬ್ಬೆರಳುಗಳಿಗಿಂತ ಅವರ ಮೇಲೇ ಗೌರವ ಜಾಸ್ತಿ.

ಯಾಕೆಂದರೆ ಕೇಳಬೇಕಾದ ಪ್ರಶ್ನೆ ಕೇಳಿದ್ದು ಅವರೇ: ಉಳಿದವರಿಗಿಲ್ಲದ್ದು ನಿಮಗೆ ಯಾಕೆ?

ಇದನ್ನು ಯಾರಾದರೂ ನಮ್ಮವರೇ ಕೇಳಲಿ ಎಂದು ಕಾಯುತ್ತಿದ್ದೇನೆ. ಸಭೆಯಲ್ಲಿ ಸಾಮಾನ್ಯವಾಗಿ ಬರುವ ಉತ್ತರ 1861ರದ್ದು. ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿ, ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಡುಗಡೆ ಕೊಟ್ಟ ಎಂದು. ನಾನು ಕೊಡವನಲ್ಲ, ಜಮ್ಮಾ ಹಿಡುವಳಿಯ ಅರೆಭಾಷೆ ಗೌಡ. ಬ್ರಿಟಿಷರ ಮೆಚ್ಚುಗೆಯ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಹೊರಳುವುದಿಲ್ಲ. ಅವರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು 1837ರ ಅಕ್ಟೋಬರ್ 31ರಂದು. ಜಮ್ಮಾ ಅದಕ್ಕಿಂತ ಹಳೆಯದು. ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಸಿಕ್ಕ ಜಮೀನು. ನನ್ನ ಉತ್ತರ ಅಲ್ಲಿಂದ ಶುರುವಾಗುತ್ತದೆ. ಆಮೇಲೆ ಆಚಾರ: ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿಯ ಹಬ್ಬ ಹುತ್ತರಿಗೆ ಕದಿರು ಕೊಯ್ಯುವಾಗ ಒಂದು. ಅಷ್ಟಾದರೂ ಹತ್ತಿರದಲ್ಲೇ ತೋಟದ ಕೂಲಿ ಲೈನಿನಲ್ಲಿ ಇರುವವನು, ಆನೆ ದಾರಿಯಲ್ಲಿ ನಡೆದು ಹೋಗುವವನು, ‘ನನಗೆ?’ ಎಂದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಇಟ್ಟುಕೊಂಡೇ ಡಿಸಿ ಕಚೇರಿಗೆ ಹೋಗಿ ಬರುತ್ತಿದ್ದೇನೆ.

ಹೈಕೋರ್ಟ್ ವಿನಾಯಿತಿಯನ್ನು ಎತ್ತಿ ಹಿಡಿಯಿತು, ನಿಜ. ಆದರೆ ಇದು ಶಾಶ್ವತವಲ್ಲ, ಹತ್ತು ವರ್ಷಕ್ಕೆ, ಷರತ್ತುಗಳ ಸಮೇತ ಕೊಟ್ಟದ್ದು ಎಂಬುದನ್ನೂ ತೀರ್ಪಿನಲ್ಲಿ ಹೇಳಿತು. ಅದನ್ನು ನಮ್ಮ ಗುಂಪಿನಲ್ಲಿ ಹಾಕಿದೆ. ನೋಡಿದವರೆಲ್ಲ ಪಟಾಕಿಯ ಚಿತ್ರ ಹಾಕಿದರು.

ಮೊನ್ನೆ ಭಾವಮೈದ ಫೋನ್ ಮಾಡಿ ಮತ್ತೆ ಅದನ್ನೇ ಕೇಳಿದ. ಕೇಸಿನ ಮಾತು ಬಿಡು, 2029ರ ಅಕ್ಟೋಬರ್ 31ಕ್ಕೆ ವಿನಾಯಿತಿಯ ಅವಧಿಯೇ ಮುಗಿಯುತ್ತದೆ, ಅಷ್ಟರೊಳಗೆ ದೆಹಲಿಗೆ ಹೋಗಿ ಬರುವ ಕೆಲಸ ಇದೆ, ನೀನೂ ಬಾ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಫೋನಿನಲ್ಲಿ ಕ್ಯಾಲೆಂಡರ್ ನೋಡುತ್ತಿದ್ದನಂತೆ.

‘ಬುಧವಾರ ಬರ್ತದೆ ಭಾವ,’ ಎಂದ. ‘ವಾರದ ಮಧ್ಯೆ ರಜೆ ಸಿಗೋದು ಕಷ್ಟ.’