ಮುತ್ತತ್ತಿಯ ಹೊಳೆಮತ್ತಿಗಳ ಜೊತೆ ಒಂದು ಹಗಲು

ಹೊಳೆಮತ್ತಿಯನ್ನು ಸರಿಯಾಗಿ ನೋಡಬೇಕು ಅಂದರೆ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಹೋಗಬೇಕು. ಆಗ ಮರದಲ್ಲಿ ಈ ವರ್ಷದ ಹೂವೂ ಇರುತ್ತದೆ, ಹೋದ ವರ್ಷದ ಕಾಯಿಯೂ ಇರುತ್ತದೆ. ಎಲೆ ಹೊಸದು. ಹಳೆ ತೊಗಟೆ ಕಳಚುತ್ತಿರುತ್ತದೆ. ಹೊಳೆಯಲ್ಲಿ ನೀರು ಇಳಿದು ಬೇರುಗಳು ಹೊರಗೆ ಕಾಣುತ್ತವೆ. ಅದಕ್ಕೇ ನಾನು ಸುಡುಬಿಸಿಲಿನ ದಿನವೇ ಹಲಗೂರು ದಾಟಿ ಮುತ್ತತ್ತಿಯ ದಾರಿ ಹಿಡಿದೆ.

ಕಾವೇರಿ ವನ್ಯಜೀವಿಧಾಮದ ಗುಡ್ಡಗಳು ಆ ಹೊತ್ತಿಗೆ ಪೂರ್ತಿ ಒಣಗಿದ್ದವು. ದಿಂಡಿಗ, ಜಾಲಿ, ಹೆಸರು ಗೊತ್ತಿಲ್ಲದ ಮುಳ್ಳಿನ ಗಿಡಗಳು, ಎಲ್ಲವೂ ಬೂದು ಬಣ್ಣ. ದಾರಿ ಇಳಿಯುತ್ತಾ ಇಳಿಯುತ್ತಾ ಒಂದು ತಿರುವಿನಲ್ಲಿ ಹೊಳೆ ಕಂಡಿತು. ಹೊಳೆಗಿಂತ ಮೊದಲು ಕಂಡಿದ್ದು ಅದರ ಎರಡೂ ಬದಿಯ ಹಸಿರು. ಆ ಹಸಿರಿನ ಪಟ್ಟಿ ಕೆಲವು ಕಡೆ ಹತ್ತಿಪ್ಪತ್ತು ಹೆಜ್ಜೆಗಿಂತ ಅಗಲ ಇರಲಿಲ್ಲ. ಅಲ್ಲಿಂದ ಆಚೆಗೆ ಮತ್ತೆ ಅದೇ ಒಣ ಗುಡ್ಡ. ಹೊಂಗೆ, ಅತ್ತಿ, ನೇರಳೆ, ಹುಣಸೆ ಎಲ್ಲ ಇದ್ದವು. ಆದರೆ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ನೀರಿಗೆ ಹತ್ತಿರ ನಿಂತಿದ್ದು ಹೊಳೆಮತ್ತಿಯೇ.

ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿದ್ದರಿಂದ ಜೊತೆಗೆ ಒಬ್ಬ ವಾಚರ್ ಇದ್ದರು. ಅಲ್ಲೇ ಸುತ್ತಮುತ್ತಲಿನ ಹಳ್ಳಿಯವರು. ಮಾತು ಕಮ್ಮಿ, ಕಣ್ಣು ಚುರುಕು. ನಾನು ನೇರ ನೀರಿನ ಕಡೆ ಇಳಿಯಹೋದಾಗ ತಡೆದರು. "ಒಸಿ ನಿಂತ್ಕಳಿ ಸಾ, ನಾನ್ ಮುಂದೆ ಓಯ್ತೀನಿ. ಈ ಮಡುನಲ್ಲಿ ಮೊಸ್ಳೆ ಐತೆ." ಅವರು ಮುಂದೆ, ನಾನು ಹಿಂದೆ.

ಮೊದಲನೇ ಮರದ ಹತ್ತಿರವೇ ತುಂಬಾ ಹೊತ್ತು ನಿಂತುಬಿಟ್ಟೆ. ಕಾಂಡ ನುಣುಪು. ಬಣ್ಣ ಬೂದು ಅಂದರೂ ತಪ್ಪಿಲ್ಲ, ಬಿಳಿ ಅಂದರೂ ತಪ್ಪಿಲ್ಲ. ಬಿಳಿಮತ್ತಿ, ನೀರುಮತ್ತಿ, ತೊರೆಮತ್ತಿ ಅಂತೆಲ್ಲ ಇದನ್ನು ಕರೆಯುತ್ತಾರೆ. ತೊಗಟೆ ಅಗಲವಾದ ತೆಳು ಹಾಳೆಗಳಾಗಿ ಎದ್ದು ಬರುತ್ತಿತ್ತು. ಅಂಥ ಹಾಳೆ ಬಿದ್ದ ಜಾಗದಲ್ಲಿ ಒಳಗಿನ ಹೊಸ ಪದರ ತುಸು ಗುಲಾಬಿ, ಕೆಲವು ಕಡೆ ತಿಳಿಹಸಿರು. ಅಂಗೈ ಇಟ್ಟು ನೋಡಿದೆ. ಹೊರಗೆ ಅಷ್ಟು ಬಿಸಿಲಿದ್ದರೂ ಕಾಂಡ ತಣ್ಣಗಿತ್ತು. ಬುಡದಲ್ಲಿ ಕಾಂಡ ದುಂಡಗಿರುವುದಿಲ್ಲ. ಮೇಲಿನಿಂದ ಇಳಿದು ಬರುವ ದಪ್ಪ ಏಣುಗಳು ನೆಲಕ್ಕೆ ಬಂದು ಹಾಗೇ ಬೇರಾಗಿ ಹರಡುತ್ತವೆ. ಮಳೆಗಾಲದ ಸೆಳವಿನಲ್ಲಿ ಇಪ್ಪತ್ತೈದು ಮೀಟರ್ ಎತ್ತರದ ಮರ ನಿಲ್ಲಬೇಕಲ್ವಾ? ಈ ಏಣುಗಳು, ದಂಡೆಯ ಉದ್ದಕ್ಕೂ ಹಬ್ಬಿದ ಬೇರುಗಳು, ಅವುಗಳ ಸಂದಿನಲ್ಲಿ ಸಿಕ್ಕಿಕೊಂಡ ಬಂಡೆಗಳು, ಇವೆಲ್ಲ ಸೇರಿ ಅದನ್ನು ಹಿಡಿದಿರುತ್ತವೆ. ಆ ಬೇರುಗಳು ದಂಡೆಯ ಮಣ್ಣನ್ನೂ ಹಿಡಿದಿರುತ್ತವೆ.

ವಾಚರ್ ತಲೆ ಎತ್ತಿ ಒಂದು ಕೊಂಬೆ ತೋರಿಸಿದರು. ನನ್ನ ತಲೆಯ ಮೇಲೆ ಎರಡಾಳೆತ್ತರದಲ್ಲಿ ಒಣಹುಲ್ಲು, ಒಂದು ಹರಿದ ಬಟ್ಟೆ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದವು. "ನೀರು ಅಲ್ಲಿಗಂಟ ಬಂದಿತ್ತು ಸಾ." ಕೆಆರ್‌ಎಸ್ ತುಂಬಿ, ಕಬಿನಿಯೂ ತುಂಬಿ ಎರಡೂ ಕಡೆ ಗೇಟು ತೆಗೆದರೆ ಇಲ್ಲಿ ಹೊಳೆ ಗುರುತೇ ಸಿಗುವುದಿಲ್ಲವಂತೆ. ಈ ಮರಗಳು ದಿನಗಟ್ಟಲೆ ಅರ್ಧ ಮೈ ಮುಳುಗಿಸಿಕೊಂಡು ನಿಲ್ಲುತ್ತವೆ. ನೀರು ಇಳಿದ ಮೇಲೆ ಮತ್ತೆ ಚಿಗುರುತ್ತವೆ.

ಬಾಗಿದ ಕೊಂಬೆಯೊಂದು ಕೈಗೆ ಸಿಗುವ ಹಾಗಿತ್ತು. ಎಲೆ ಉದ್ದ, ಎರಡೂ ತುದಿ ಹೆಚ್ಚುಕಮ್ಮಿ ದುಂಡು, ಸೀಬೆಯ ಎಲೆಗಿಂತ ದೊಡ್ಡದು. ಜೋಡಿಜೋಡಿಯಾಗಿ ಬಂದ ಹಾಗೆ ಕಂಡರೂ ಎರಡೂ ಎಲೆ ಒಂದೇ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಹಿಂದೆಮುಂದೆ. ಎಲೆಯನ್ನು ತಿರುಗಿಸಿ ತೊಟ್ಟು ಸೇರುವ ಜಾಗ ನೋಡಿದರೆ ಎರಡು ಪುಟ್ಟ ಗಂಟು. ಮತ್ತಿ ಜಾತಿಯನ್ನು ಗುರುತಿಸಲು ಮೊದಲು ನೋಡಬೇಕಾದ್ದು ಇದನ್ನೇ. ಎಳೆ ಎಲೆಗಳಲ್ಲಿ ಈ ಗಂಟು ಸಿಹಿರಸ ಸೂಸುತ್ತದೆ. ನಾನು ಹಿಡಿದಿದ್ದ ಎಲೆಯಲ್ಲೂ ಒಂದು ಸಣ್ಣ ಕರಿ ಇರುವೆ ಒಂದು ಗಂಟಿಗೆ ಬಾಯಿಟ್ಟು ಕೂತಿತ್ತು. ನಾನು ಎಲೆ ಅಲ್ಲಾಡಿಸಿದರೂ ಕದಲಲಿಲ್ಲ.

ಹೂವಿನ ಬಗ್ಗೆ ಹೇಳಬೇಕಾದ್ದು ಇನ್ನೂ ಇದೆ. ದೂರದಿಂದ ನೋಡಿದರೆ ಮರದ ತುಂಬ ತಿಳಿಹಳದಿ ಕಡ್ಡಿಗಳು ಅನ್ನಿಸುತ್ತದೆ. ಹತ್ತಿರ ಹಿಡಿದರೆ ಒಂದೊಂದು ಕಡ್ಡಿಯಲ್ಲೂ ಸಾಲಾಗಿ ಸಣ್ಣಸಣ್ಣ ಹೂ. ಅವುಗಳಿಗೆ ದಳವೇ ಇಲ್ಲ! ಐದು ಮೂಲೆಯ ಒಂದು ಪುಟ್ಟ ಬಟ್ಟಲು, ಅದರಿಂದ ಹೊರಗೆ ಚಾಚಿದ ಹತ್ತು ಕೇಸರ, ಅಷ್ಟೇ. ಹೂವಿನ ಚೆಂದ ಏನಿದ್ದರೂ ಆ ಕೇಸರದ್ದೇ. ವಾಸನೆ ಸಿಹಿ, ಆದರೆ ಜಾಸ್ತಿ ಹೊತ್ತು ಮೂಸಿದರೆ ತಲೆ ಹಿಡಿಯುವಂಥದ್ದು. ಜೇನುಹುಳುಗಳ ಗುಂಯ್‌ಗುಡುವಿಕೆ ಎಷ್ಟಿತ್ತು ಅಂದರೆ, ಅದು ನಿಂತ ಕ್ಷಣದಲ್ಲಿ ಮಾತ್ರ ಹೊಳೆಯ ಸದ್ದು ಕೇಳಿಸುತ್ತಿತ್ತು.

ನನಗೆ ಈ ಮರದಲ್ಲಿ ಎಲ್ಲಕ್ಕಿಂತ ಇಷ್ಟ ಕಾಯಿ. ನೆಲದ ತುಂಬ ಬಿದ್ದಿದ್ದವು. ಒಂದನ್ನು ಎತ್ತಿಕೊಂಡೆ. ಹೆಬ್ಬೆರಳಿಗಿಂತ ತುಸು ದಪ್ಪ, ಗಟ್ಟಿ ನಾರು, ಕಂದು ಬಣ್ಣ. ಉದ್ದಕ್ಕೆ ಐದು ರೆಕ್ಕೆ. ರೆಕ್ಕೆ ಅಂದರೂ ಹಾರುವ ಬೀಜಗಳ ತೆಳು ರೆಕ್ಕೆಯಲ್ಲ, ಒರಟು, ಕಿರಿದು, ಬೆರಳಿಗೆ ಒತ್ತಿದರೆ ನೋಯುವಷ್ಟು ಗಟ್ಟಿ. ಬೆಳಕಿಗೆ ಹಿಡಿದರೆ ಪ್ರತಿ ರೆಕ್ಕೆಯ ಮೇಲೂ ಸಣ್ಣ ಗೆರೆಗಳು ಮೇಲಕ್ಕೆ ಬಾಗಿಕೊಂಡು ಹೋಗಿರುವುದು ಕಾಣುತ್ತದೆ. ಇಂಥ ಭಾರದ ಕಾಯಿ ಗಾಳಿಗೆ ಎಷ್ಟು ದೂರ ಹೋದೀತು? ಒಂದನ್ನು ನೀರಿಗೆ ಎಸೆದೆ. ಮುಳುಗಲಿಲ್ಲ. ತೇಲುತ್ತಾ ಬಂಡೆಯ ಸಂದಿನಲ್ಲಿ ಎರಡು ಸುತ್ತು ತಿರುಗಿ, ಸೆಳವು ಸಿಕ್ಕಿದ ಕೂಡಲೇ ಹೊರಟುಹೋಯಿತು.

ಇದರ ಲೆಕ್ಕಾಚಾರ ಅದ್ಭುತ ಅನ್ನಿಸುತ್ತದೆ ನನಗೆ. ಈ ಬೇಸಿಗೆಯಲ್ಲಿ ಬಿಟ್ಟ ಹೂ ಕಾಯಾಗಿ ಬಲಿತು ಉದುರುವುದು ಮುಂದಿನ ಫೆಬ್ರವರಿಯಿಂದ ಮೇ ಹೊತ್ತಿಗೆ. ಅಂದರೆ ಮರ ಹೆಚ್ಚುಕಮ್ಮಿ ಒಂದು ವರ್ಷ ಕಾಯಿ ಹೊತ್ತು, ಮುಂಗಾರಿಗೆ ಸ್ವಲ್ಪ ಮೊದಲು ಕೆಳಗೆ ಹಾಕುತ್ತದೆ. ಜೂನ್ ಆದ ಮೇಲೆ ಹೊಳೆ ಏರುತ್ತದೆ, ದಂಡೆಯ ಮೇಲಿನ ಕಾಯಿಗಳನ್ನು ಎತ್ತಿಕೊಂಡು ಹೋಗುತ್ತದೆ. ಇಳಿಯುವಾಗ ಹೊಸ ಮಣ್ಣಿನ ಮೇಲೆ ಬಿಟ್ಟು ಹೋಗುತ್ತದೆ. ಮೊಳಕೆಗೆ ಬೇಕಾದ್ದೂ ಅದೇ, ಬಹಳ ದಿನ ಆರದ ತೇವ. ಮರಳೂ ಮೆಕ್ಕಲೂ ಸೇರಿದ ಒಂದು ದಿಬ್ಬದಲ್ಲಿ ವಾಚರ್ ಮೊಣಕಾಲೆತ್ತರದ ಸಸಿಗಳನ್ನು ತೋರಿಸಿದರು. ಸಾಲು ಹಿಡಿದು ಬೆಳೆದಿದ್ದವು. ಹೋದ ಪ್ರವಾಹ ಎಲ್ಲಿಯವರೆಗೆ ಬಂದು ನಿಂತಿತ್ತೋ ಆ ಗೆರೆಯ ಮೇಲೆಯೇ!

ಮಧ್ಯಾಹ್ನ ದಂಡೆ ಬಿಟ್ಟು ಗುಡ್ಡ ಹತ್ತಿದೆವು. ಸಾಕಷ್ಟು ಮೇಲೆ ಒಂದು ಕರಿಮತ್ತಿ ಸಿಕ್ಕಿತು. ಹೊಳೆಮತ್ತಿಯ ಒಡಹುಟ್ಟು. ಅಳಲೆ, ತಾರೆ, ನಮ್ಮ ಬೀದಿಗಳ ಕಾಡುಬಾದಾಮಿ ಎಲ್ಲ ಒಂದೇ ಕುಲ. ಕರಿಮತ್ತಿಗೂ ಎಲೆಯಡಿ ಗಂಟು, ಕಾಯಿಗೆ ಐದು ರೆಕ್ಕೆ. ಆದರೆ ತೊಗಟೆ ಕಪ್ಪು, ದಪ್ಪ, ಆಳವಾಗಿ ಬಿರಿದು ಚೌಕಚೌಕವಾಗಿ ಮೊಸಳೆಯ ಬೆನ್ನಿನ ಹಾಗೆ. ಕಾಯಿಯ ರೆಕ್ಕೆ ಅಗಲ, ಅದರ ಗೆರೆಗಳು ಬಾಗದೆ ನೇರ ಅಂಚಿಗೆ ಹೋಗುತ್ತವೆ. ಅದು ಕಾಡುಬೆಂಕಿ ಬರುವ, ನೀರಿಲ್ಲದ ಗುಡ್ಡದಲ್ಲಿ ಬದುಕಬೇಕು. ಇದು ಪ್ರವಾಹದಲ್ಲಿ ಬದುಕಬೇಕು. ಎರಡರ ಕಾಯಿಯನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದರೆ ಇಷ್ಟೂ ವಿಷಯ ಕಣ್ಣಿಗೇ ಕಾಣುತ್ತದೆ.

ಮತ್ತೆ ಕೆಳಗೆ ಬರುವಾಗ ವಾಚರ್ ಸುಮ್ಮನೆ ಕೈ ಎತ್ತಿ ನಿಲ್ಲಿಸಿದರು. ಎರಡು ಹೊಳೆಮತ್ತಿಗಳ ಕೊಂಬೆ ಸೇರುವ ಕಡೆ ಎಲೆ, ಕಡ್ಡಿಯ ಒಂದು ದೊಡ್ಡ ಗೂಡು. ಪಕ್ಕದ ಕೊಂಬೆಯಲ್ಲಿ ನರೆಗೂದಲಿನ ದೊಡ್ಡ ಅಳಿಲು, ಉದ್ದ ಬಾಲ ಇಳಿಬಿಟ್ಟು ಕೂತಿತ್ತು. ಕರ್ನಾಟಕದಲ್ಲಿ ಈ ಅಳಿಲು ಇರುವುದು ಕಾವೇರಿಯ ಈ ದಂಡೆಯ ಕಾಡಿನಲ್ಲೇ. ಇನ್ನು ತಮಿಳುನಾಡು, ಕೇರಳದ ಕೆಲವು ಕಡೆ, ಶ್ರೀಲಂಕಾದಲ್ಲಿ ಇದೆ. ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗುತ್ತಿದ್ದರೆ ಮಾತ್ರ ಅದು ಓಡಾಡಬಲ್ಲದು. ಸಾಲಿನಲ್ಲಿ ನಾಲ್ಕು ಮರ ಹೋದರೆ ಅದರ ದಾರಿ ಅಲ್ಲಿಗೆ ಮುಗಿಯಿತು.

ನಾಲ್ಕು ಮರ ಹೋಗುವುದು ಕಷ್ಟವೇನಲ್ಲ. ಅರಣ್ಯದಿಂದ ಹೊರಗೆ, ಹೊಳೆಯ ಇನ್ನೊಂದು ಭಾಗದಲ್ಲಿ ನಾನೇ ನೋಡಿದ್ದೇನೆ. ಒಂದು ಒಳ್ಳೆ ಮರದ ಕಾಂಡದ ಸುತ್ತ ಆಳೆತ್ತರಕ್ಕೆ ತೊಗಟೆ ಪೂರ್ತಿ ಸುಲಿದಿದ್ದರು. ಹೃದಯದ ಕಾಯಿಲೆಗೆ ಆಯುರ್ವೇದದಲ್ಲಿ ಇದರ ತೊಗಟೆಯನ್ನು ತುಂಬಾ ಹಿಂದಿನಿಂದ ಬಳಸುತ್ತಾರೆ. ಅರ್ಜುನಾರಿಷ್ಟ ಅನ್ನುವ ಔಷಧಿ ಮಾಡುವುದು ಇದರಿಂದಲೇ, ಹಾಗಾಗಿ ಬೇಡಿಕೆ ಇದ್ದೇ ಇದೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲೇ ಸಾಯುತ್ತದೆ. ಒಂದೇ ಪಕ್ಕದಲ್ಲಿ, ಒಳಪದರ ಮುಟ್ಟದೆ ಹೊರಗಿನದಷ್ಟನ್ನೇ ತೆಗೆದರೆ ತೊಗಟೆ ಮತ್ತೆ ಬರುತ್ತದೆ. ಇದು ಅಷ್ಟು ಕಷ್ಟದ ಕೆಲಸವೂ ಅಲ್ಲ. ಆದರೂ ಸುತ್ತ ಸುಲಿಯುತ್ತಾರೆ. ನನಗೆ ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ.

ಮರಳು ತೆಗೆದ ದಂಡೆಯ ಕಥೆ ಇನ್ನೊಂದು. ಬುಡದ ಮರಳು ಹೋದರೆ ಬೇರು ಗಾಳಿಯಲ್ಲಿ ತೂಗುತ್ತದೆ, ಮುಂದಿನ ಪ್ರವಾಹಕ್ಕೆ ಮರ ಉರುಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಕಾಯಿ ತೇಲಿ ಬಂದು ನಿಲ್ಲುವುದಕ್ಕೆ ದಿಬ್ಬವೇ ಇರುವುದಿಲ್ಲ. ಹಾಗಾಗಿ ಕಲ್ಲು ಕಟ್ಟಿದ, ಮರಳು ತೆಗೆದ ದಂಡೆಗಳಲ್ಲಿ ಹಳೆ ಮರಗಳು ಮಾತ್ರ ಕಾಣುತ್ತವೆ, ಕೆಳಗೆ ಒಂದು ಸಸಿಯೂ ಇರುವುದಿಲ್ಲ. ಹೊಳೆಯ ಪಕ್ಕ ಹೊಲ ಇರುವವರು ಒಮ್ಮೆ ತಮ್ಮ ದಂಡೆಯ ಮರಗಳ ಬುಡ ನೋಡಲಿ. ಸಸಿ ಇಲ್ಲದಿದ್ದರೆ ನೆಡಬೇಕು. ಏಪ್ರಿಲ್‌ನಲ್ಲಿ ಒಣಗಿ ಬಿದ್ದ ಕಾಯಿ ಆರಿಸಿ, ಎರಡು ದಿನ ನೀರಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಿನ ಚೀಲಕ್ಕೆ ಹಾಕಬೇಕು. ಮೊಳಕೆ ಬರಲು ವಾರಗಟ್ಟಲೆ ಹಿಡಿಯುತ್ತದೆ, ಎಲ್ಲ ಕಾಯಿಯೂ ಮೊಳೆಯುವುದಿಲ್ಲ, ಅದಕ್ಕೇ ಒಂದಿಷ್ಟು ಜಾಸ್ತಿಯೇ ಹಾಕಿಕೊಳ್ಳಬೇಕು. ನೀರು ತಪ್ಪಬಾರದು. ಮುಂದಿನ ವರ್ಷ ಮುಂಗಾರು ಶುರುವಾಗುತ್ತಲೇ ದಂಡೆಯ ಮೇಲ್ಗಡೆ ನೆಟ್ಟರೆ, ಹೊಳೆ ಏರುವ ಹೊತ್ತಿಗೆ ಬೇರು ಸ್ವಲ್ಪವಾದರೂ ಹಿಡಿದಿರುತ್ತದೆ.